ಲಿನಕ್ಸ್ ಹಾಕಿಕೊಳ್ಳುವ ಮುಂಚೆ ನಿಮ್ಮ ಪ್ರಿಂಟರ್ ಯಾವುದು ಅಂತ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷ ಸುರಕ್ಷತೆಯ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಸರಿ, ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. 2016ರಲ್ಲಿ ಕೊಂಡ ಒಳ್ಳೇ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಆದರೂ ಹೊಸ ವಿಂಡೋಸ್ ಅದನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಅನ್ನುವ ವ್ಯವಸ್ಥೆಯ ಹೆಸರನ್ನು ಇಷ್ಟು ದಿನ ಸುಮ್ನೆ ಕೇಳಿ ಬಿಟ್ಟವರೂ ಈಗ ಗಂಭೀರವಾಗಿ ಕೇಳುತ್ತಿದ್ದಾರೆ: ನಮ್ಮಂಥ ಮಾಮೂಲಿ ಜನಕ್ಕೆ ಇದು ಆಗುತ್ತಾ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಲಿನಕ್ಸ್ ಪ್ರೇಮಿಗಳು "ಕಣ್ಣು ಮುಚ್ಚಿಕೊಂಡು ಹಾಕಿ, ಎಲ್ಲಾ ಆಗುತ್ತೆ" ಅನ್ನುತ್ತಾರೆ. ಅಂಗಡಿಯವರು "ಅದೆಲ್ಲ ಇಂಜಿನಿಯರ್‌ಗಳಿಗೆ ಸರ್, ನಿಮಗೆ ತಲೆನೋವು" ಅನ್ನುತ್ತಾರೆ. ಇಬ್ಬರೂ ಅಳೆಯುತ್ತಿರುವುದು ನಿಮ್ಮ ಜಾಣತನವನ್ನು. ನನ್ನ ಪ್ರಕಾರ ಅಳತೆಯೇ ತಪ್ಪು. ಲಿನಕ್ಸ್ ನಿಮಗೆ ಆಗುತ್ತದೋ ಇಲ್ಲವೋ ಅನ್ನುವುದು ನಿಮಗೆ ಕಂಪ್ಯೂಟರ್ ಎಷ್ಟು ಗೊತ್ತು ಅನ್ನುವುದರ ಮೇಲೆ ನಿಂತಿಲ್ಲ. ನಿಮ್ಮ ಕಂಪ್ಯೂಟರ್‌ಗೆ ಏನೇನು ಅಂಟಿಕೊಂಡಿದೆ, ಅದರಲ್ಲಿ ಯಾವುದನ್ನು ಬಿಡಲಿಕ್ಕೆ ಆಗುವುದಿಲ್ಲ, ಅದರ ಮೇಲೆ ನಿಂತಿದೆ. ಒಂದು ಪ್ರಿಂಟರ್ ಇರಬಹುದು, ಲೆಕ್ಕದ ಒಂದು ತಂತ್ರಾಂಶ ಇರಬಹುದು, ಡಿಜಿಟಲ್ ಸಹಿ ಹಾಕಲು ಪೆನ್‌ಡ್ರೈವ್ ಹಾಗೆ ಚುಚ್ಚುವ ಒಂದು ಟೋಕನ್ ಇರಬಹುದು. ಅಂಥ ಒಂದೇ ಒಂದು ವಸ್ತು ಇಡೀ ತೀರ್ಮಾನವನ್ನು ಬದಲಿಸಿಬಿಡುತ್ತದೆ.

ಅದಕ್ಕೂ ಮುಂಚೆ ಇದು ಏನು ಅನ್ನುವುದು ಸ್ವಲ್ಪ.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅಮೆರಿಕದಲ್ಲಿ ಗ್ನೂ ಅನ್ನುವ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಕೋಡ್ ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಕೊಡಬಹುದಾದ ಒಂದು ಪೂರ್ತಿ ಕಾರ್ಯಾಚರಣೆ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಮ್) ಕಟ್ಟಬೇಕು ಅನ್ನುವುದು ಅವರ ಗುರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಲಿನಕ್ಸ್ ಅನ್ನುವ ಕರ್ನಲ್ ಅನ್ನು ಎಲ್ಲರ ಮುಂದಿಟ್ಟ. ಕರ್ನಲ್ ಅಂದರೆ ಯಂತ್ರದ ಜೊತೆ ನೇರವಾಗಿ ಮಾತಾಡುವ ಒಳಭಾಗ. ಯಾವ ಪ್ರೋಗ್ರಾಮ್‌ಗೆ ಎಷ್ಟು ಮೆಮೊರಿ, ಕೀಲಿ ಒತ್ತಿದಾಗ ಯಾರಿಗೆ ಸುದ್ದಿ ಮುಟ್ಟಬೇಕು, ಡಿಸ್ಕ್‌ನಲ್ಲಿ ಎಲ್ಲಿ ಬರೆಯಬೇಕು, ಇದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಈ ಕರ್ನಲ್ ಮೇಲೆ ಗ್ನೂ ಯೋಜನೆಯ ತಂತ್ರಾಂಶಗಳು, ಕಿಟಕಿಗಳು, ಮೆನು, ಫೈಲ್ ತೋರಿಸುವ ತಂತ್ರಾಂಶ, ಬ್ರೌಸರ್, ಹೊಸ ತಂತ್ರಾಂಶ ತರುವ ಏರ್ಪಾಡು ಎಲ್ಲವನ್ನೂ ಜೋಡಿಸಿ ಒಂದು ಕಟ್ಟು ಮಾಡಿ ಕೊಟ್ಟರೆ ಅದಕ್ಕೆ ಡಿಸ್ಟ್ರಿಬ್ಯೂಷನ್, ಬಳಸುವವರ ಬಾಯಲ್ಲಿ ಡಿಸ್ಟ್ರೋ, ಅನ್ನುತ್ತಾರೆ. ಉಬುಂಟು 2004ರಲ್ಲಿ, ಲಿನಕ್ಸ್ ಮಿಂಟ್ 2006ರಲ್ಲಿ ಬಂದವು. ಫೆಡೋರಾ, ಡೆಬಿಯನ್ ಅಂತ ಇನ್ನೂ ಬಹಳ ಇವೆ. ಹೊಸಬರು ಆ ಪಟ್ಟಿ ನೋಡಿಯೇ ಗಾಬರಿಯಾಗುತ್ತಾರೆ, ಆಗಬೇಕಿಲ್ಲ. ವಿಂಡೋಸ್‌ನಿಂದ ಬರುವವರಿಗೆ ಮಿಂಟ್ ಸಾಕು. ಪರದೆಯ ಕೆಳಗೆ ಅದೇ ಥರದ ಉದ್ದ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ಹತ್ತು ನಿಮಿಷದಲ್ಲಿ ಕೈ ಹೊಂದಿಕೊಳ್ಳುತ್ತದೆ. ಕನಿಷ್ಠ 2 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ, 4 ಜಿಬಿ ಇದ್ದರೆ ಆರಾಮ ಅಂತ ಅವರೇ ಹೇಳುತ್ತಾರೆ. ನನ್ನ ಕೇಳಿದರೆ 4ಕ್ಕಿಂತ ಕೆಳಗೆ ಹೋಗಬೇಡಿ, ಯಾಕೆಂದರೆ ಈಗಿನ ಬ್ರೌಸರ್ ಒಂದೇ ಅಷ್ಟನ್ನೂ ತಿಂದುಹಾಕುತ್ತದೆ.

ದುಡ್ಡು ಇಲ್ಲಿ ದೊಡ್ಡ ಕಾರಣ ಅಲ್ಲ

ಬೇರೆ ದೇಶದವರು ಬರೆದ ಲೇಖನಗಳಲ್ಲಿ "ಲಿನಕ್ಸ್ ಪುಕ್ಕಟೆ" ಅನ್ನುವುದೇ ಮೊದಲ ಸಾಲು. ನಮ್ಮಲ್ಲಿ ಅದು ಯಾರನ್ನೂ ಅಲ್ಲಾಡಿಸುವುದಿಲ್ಲ. ಯಾಕೆ ಅಂದರೆ ನಮ್ಮ ಬಹಳಷ್ಟು ಜನರಿಗೆ ವಿಂಡೋಸ್ ಕೂಡ ಪುಕ್ಕಟೆಯೇ. ರಿಪೇರಿ ಅಂಗಡಿಗೆ ಕಂಪ್ಯೂಟರ್ ಕೊಟ್ಟರೆ ಮುನ್ನೂರು ನಾನೂರಕ್ಕೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ತುಂಬಿ ಕೊಡುತ್ತಾರೆ. ಅದು ಕದ್ದ ಮಾಲು ಅಂತ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಆದರೆ ಅದರ ಬೆಲೆ ಬೇರೆ ಕಡೆ ಕಟ್ಟುತ್ತೇವೆ. ಲೈಸೆನ್ಸ್ ಇಲ್ಲದ ವಿಂಡೋಸ್‌ಗೆ ಲೈಸೆನ್ಸ್ ಇರುವ ಹಾಗೆ ತೋರಿಸುವ ಕ್ರ್ಯಾಕ್ ಪ್ರೋಗ್ರಾಮ್‌ಗಳಲ್ಲಿ ಎಷ್ಟೋ "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಅಂತಲೇ ಶುರುವಾಗುತ್ತವೆ. ಮನೆಯ ಬಾಗಿಲು ತೆಗೆಸಿ ಒಳಗೆ ಬರುವ ಆ ಪ್ರೋಗ್ರಾಮ್ ಆಮೇಲೆ ಒಳಗೆ ಕೂತು ಏನು ಮಾಡುತ್ತದೆ ಅನ್ನುವುದು ಹಾಕಿಕೊಟ್ಟ ಹುಡುಗನಿಗೂ ಗೊತ್ತಿರುವುದಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತೀರಿ. ಅಪ್‌ಡೇಟ್ ಬಂದರೆ ಕ್ರ್ಯಾಕ್ ಹೋಗಿಬಿಡುತ್ತದೆ ಅಂತ ಅಪ್‌ಡೇಟನ್ನೂ ನಿಲ್ಲಿಸಿರುತ್ತಾರೆ. ನನಗೆ ಲಿನಕ್ಸ್ ಬಗ್ಗೆ ಇಷ್ಟು ಕಾಳಜಿ ಇರುವುದಕ್ಕೆ ಮುಖ್ಯ ಕಾರಣ ಇದೇ. ಬಡ ಮನೆಯ ಹುಡುಗ ಕೂಡ ಯಾರ ಹಂಗೂ ಇಲ್ಲದೆ, ಕದಿಯದೆ, ಪೂರ್ತಿ ಅಪ್‌ಡೇಟ್ ಆಗಿರುವ ವ್ಯವಸ್ಥೆಯನ್ನು ತನ್ನದು ಅಂತ ಇಟ್ಟುಕೊಳ್ಳಬಹುದು. ಅದು ಸಣ್ಣ ವಿಷಯ ಅಲ್ಲ.

ಪೆನ್‌ಡ್ರೈವ್ ವಿಷಯಕ್ಕೆ ಬನ್ನಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದ ಮೇಲೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಆ ವೈರಸ್ ಬರೆದಿರುವುದು ವಿಂಡೋಸ್‌ಗೆ. ಲಿನಕ್ಸ್ ಇರುವ ಯಂತ್ರಕ್ಕೆ ಅದೇ ಪೆನ್‌ಡ್ರೈವ್ ಹಾಕಿದರೆ ಆ ಶಾರ್ಟ್‌ಕಟ್‌ಗಳು ಏನೂ ಮಾಡಲಾಗದೆ ಸುಮ್ನೆ ಬಿದ್ದಿರುತ್ತವೆ, ಬಚ್ಚಿಟ್ಟ ನಿಜವಾದ ಫೋಲ್ಡರ್‌ಗಳು ಬಹಳ ಸಲ ಪಕ್ಕದಲ್ಲೇ ಕಾಣಿಸುತ್ತವೆ. ಹಾಗಂತ ಲಿನಕ್ಸ್ ಹಾಕಿದರೆ ಎಲ್ಲ ಮೋಸದಿಂದ ಪಾರು ಅಂತ ನಂಬಬೇಡಿ. ಕೆವೈಸಿ ಅವಧಿ ಮುಗಿದಿದೆ ಅಂತ ಫೋನ್ ಮಾಡುವವನು ನಿಮ್ಮ ಬಾಯಿಂದ ಓಟಿಪಿ ಕೇಳುತ್ತಾನೆ. ಪರದೆಯನ್ನು ದೂರದಿಂದ ನೋಡುವ ತಂತ್ರಾಂಶಗಳು ಲಿನಕ್ಸ್‌ಗೂ ಇವೆ. ಅಲ್ಲಿ ಕಾಯಬೇಕಾದವರು ನೀವೇ.

"ಕೋಡ್ ಎಲ್ಲರಿಗೂ ಕಾಣುತ್ತೆ ಅಂದರೆ ಕಳ್ಳರಿಗೂ ಕಾಣುತ್ತೆ ಅಲ್ವಾ?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ನಡೆದದ್ದು ಇದಕ್ಕೆ ಸರಿಯಾದ ಉದಾಹರಣೆ. ಎಕ್ಸ್‌ಝಡ್ ಅಂತ ಒಂದು ಸಣ್ಣ ತಂತ್ರಾಂಶ, ಫೈಲುಗಳನ್ನು ಕುಗ್ಗಿಸುವಂಥದ್ದು, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರ ನಂಬಿಕೆಯನ್ನು ವರ್ಷಗಟ್ಟಲೆ ಗಳಿಸಿದ ಒಬ್ಬ, ಕೊನೆಗೆ ಅದರಲ್ಲಿ ಕಳ್ಳಬಾಗಿಲು ಸೇರಿಸಿಬಿಟ್ಟ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ತನ್ನ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುವುದು ಕಣ್ಣಿಗೆ ಬಿತ್ತು. ಯಾಕೆ ಅಂತ ಹುಡುಕುತ್ತಾ ಹೋಗಿ ಆ ಬಾಗಿಲನ್ನೇ ಪತ್ತೆ ಮಾಡಿದರು. ಬಹುತೇಕ ಜನರ ಕಂಪ್ಯೂಟರ್‌ಗೆ ಅದು ತಲುಪುವ ಮುಂಚೆಯೇ ವಾಪಸ್ ತೆಗೆಯಲಾಯಿತು. ಕೋಡ್ ತೆರೆದಿತ್ತು ಅಂತಲೇ ಹೊರಗಿನವರೊಬ್ಬರು ಅಷ್ಟು ಆಳಕ್ಕೆ ಇಳಿಯಲು ಸಾಧ್ಯವಾಯಿತು. ಆದರೆ ಇಷ್ಟು ಮುಖ್ಯವಾದ ತಂತ್ರಾಂಶವನ್ನು ಒಬ್ಬ ದಣಿದ ಸ್ವಯಂಸೇವಕ ಹೊತ್ತುಕೊಂಡಿದ್ದರು ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಒಂದು ಕಡೆ ಅಷ್ಟು ಗಟ್ಟಿ, ಇನ್ನೊಂದು ಕಡೆ ಇಷ್ಟು ಸಡಿಲ ಯಾಕೆ?

ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸೇ. ನಿಮ್ಮ ಆ್ಯಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ಕರ್ನಲ್ ಇದೆ. ಇಂಥದ್ದಕ್ಕೆ ಮನೆಯ ಒಂದು ಪ್ರಿಂಟರ್ ಓಡಿಸಲು ಯಾಕೆ ಕಷ್ಟ ಅಂತ ಅನಿಸುವುದು ಸಹಜ. ಉತ್ತರ ದುಡ್ಡು ಹರಿಯುವ ದಾರಿಯಲ್ಲಿದೆ. ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳಲ್ಲಿ ಸಂಬಳಕ್ಕೆ ಇರುವವರು. ಆ ಕಂಪನಿಗಳಿಗೆ ಸರ್ವರ್ ಬೇಕು, ಕ್ಲೌಡ್ ಬೇಕು, ಅದರಿಂದ ಹಣ ಬರುತ್ತದೆ. 2019ರಲ್ಲಿ ಐಬಿಎಂ, ಲಿನಕ್ಸ್ ಮೇಲೆ ವ್ಯಾಪಾರ ಕಟ್ಟಿದ ರೆಡ್ ಹ್ಯಾಟನ್ನು ಕೊಂಡಿದ್ದು 34 ಬಿಲಿಯನ್ ಡಾಲರ್‌ಗೆ, ಅದು ನಿಮ್ಮ ಮನೆಯ ಡೆಸ್ಕ್‌ಟಾಪ್ ನೋಡಿ ಕೊಟ್ಟ ದುಡ್ಡಲ್ಲ. ಡೆಸ್ಕ್‌ಟಾಪ್‌ಗೆ ಬೇಕಾದ ಕೆಲಸ ಬಹುಪಾಲು ಸಣ್ಣ ತಂಡಗಳ, ದಾನದ ಹಣದ, ಬಿಡುವಿನ ಸಮಯದ ಮೇಲೆ ನಡೆಯುತ್ತದೆ.

ಇನ್ನೊಂದು ಕಾರಣ ಯಂತ್ರ ಮಾಡುವ ಕಂಪನಿಗಳದ್ದು. ಪ್ರಿಂಟರ್ ಆಗಲಿ ವೈಫೈ ಕಾರ್ಡ್ ಆಗಲಿ, ಅದರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳುವ ಡ್ರೈವರ್ ಬೇಕು. ವಿಂಡೋಸ್‌ಗೆ ಅದನ್ನು ಕಂಪನಿಯೇ ಬರೆದು ಕೊಡುತ್ತದೆ, ಕೊಡದೇ ಇದ್ದರೆ ಯಾರೂ ಕೊಳ್ಳುವುದಿಲ್ಲ. ಲಿನಕ್ಸ್‌ಗೆ ಕೆಲವರು ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ, ವಿವರವನ್ನೂ ಬಿಟ್ಟುಕೊಡುವುದಿಲ್ಲ. ಆಗ ಯಾರೋ ಒಬ್ಬರು ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಊಹಿಸಿ ಊಹಿಸಿ ಡ್ರೈವರ್ ಕಟ್ಟಬೇಕು.

ನಮ್ಮಲ್ಲಿ ಪ್ರತಿ ಎರಡನೇ ಸೈಬರ್ ಸೆಂಟರ್‌ನಲ್ಲಿ ಕಾಣುವ ಎರಡು ಹಳೇ ಲೇಸರ್ ಪ್ರಿಂಟರ್ ತಗೊಳ್ಳಿ. ಒಂದು ಎಚ್‌ಪಿ ಲೇಸರ್‌ಜೆಟ್ 1020. ಎಚ್‌ಪಿಯವರು ಎಚ್‌ಪಿಎಲ್‌ಐಪಿ ಅನ್ನುವ ಲಿನಕ್ಸ್ ತಂತ್ರಾಂಶವನ್ನು ಬಹಳ ವರ್ಷದಿಂದ ಕೊಡುತ್ತಿದ್ದಾರೆ, ಮಿಂಟ್, ಉಬುಂಟುಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ಈ ಮಾಡೆಲ್‌ಗೆ ಅದರ ಜೊತೆ ಒಂದು ಪ್ಲಗ್-ಇನ್ ಕೂಡ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಇದ್ದರೆ ಮುಗಿಯಿತು, ಪ್ರಿಂಟ್ ಬರುತ್ತದೆ. ಇನ್ನೊಂದು ಕ್ಯಾನನ್ ಎಲ್‌ಬಿಪಿ 2900. ಅದು ಕ್ಯಾನನ್ ಕಂಪನಿಯ ಸ್ವಂತದ, ಕ್ಯಾಪ್ಟ್ ಅನ್ನುವ ಭಾಷೆಯಲ್ಲಿ ಮಾತಾಡುತ್ತದೆ. ಅದಕ್ಕೆ ಇದ್ದ ಲಿನಕ್ಸ್ ಡ್ರೈವರ್ ಹಳೇ ಕಾಲದ್ದು, ಇವತ್ತಿನ 64 ಬಿಟ್ ವ್ಯವಸ್ಥೆಯಲ್ಲಿ ಕೂರಿಸಲು ಸಾಕಷ್ಟು ಗುದ್ದಾಡಬೇಕು. ಪಕ್ಕಪಕ್ಕದ ಎರಡು ಅಂಗಡಿ, ಒಂದೇ ಕಾಲದ ಎರಡು ಪ್ರಿಂಟರ್. ಒಬ್ಬರು ಲಿನಕ್ಸ್ ಬಹಳ ಸಲೀಸು ಅನ್ನುತ್ತಾರೆ, ಇನ್ನೊಬ್ಬರು ಅದರ ಹೆಸರೆತ್ತಬೇಡಿ ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ಸತ್ಯ. ಕೆಲವು ವೈಫೈ ಕಾರ್ಡ್‌ಗಳದ್ದೂ ಇದೇ ಕಥೆ. ಇಂಟೆಲ್ ಆದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಬ್ರಾಡ್‌ಕಾಮ್ ಮತ್ತು ಕೆಲವು ರಿಯಲ್‌ಟೆಕ್ ಕಾರ್ಡ್ ಇದ್ದರೆ ಮೊದಲೇ ಪರೀಕ್ಷೆ ಮಾಡಿ.

ಯಾರಿಗೆ ಸಲೀಸು, ಯಾರಿಗೆ ಕಷ್ಟ

ಇಲ್ಲಿ ಒಂದು ವಿಚಿತ್ರ ಇದೆ. ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಲಿನಕ್ಸ್ ಬಹಳ ಚೆನ್ನಾಗಿ ಹೊಂದುತ್ತದೆ. ನಮ್ಮ ಸೋದರತ್ತೆಯವರ ಹಳೇ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿಕೊಟ್ಟಿದ್ದೇನೆ. ಅವರು ಮಾಡುವುದು ಯೂಟ್ಯೂಬ್‌ನಲ್ಲಿ ದಾಸರ ಪದ ಕೇಳುವುದು, ಇ-ಪೇಪರ್ ಓದುವುದು, ಕರೆಂಟ್ ಬಿಲ್ ಕಟ್ಟುವುದು, ಪುಣೆಯಲ್ಲಿರುವ ಮಗಳ ಜೊತೆ ವೀಡಿಯೊ ಕಾಲ್. ಎಲ್ಲವೂ ಬ್ರೌಸರ್ ಒಳಗೇ ನಡೆಯುತ್ತದೆ. ಬ್ರೌಸರ್ ತೆರೆದ ಮೇಲೆ ಕೆಳಗೆ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಅವರಿಗೆ ಯಾಕೆ ಬೇಕು? "ಇದು ಮೊದಲಿಗಿಂತ ಬೇಗ ಶುರುವಾಗುತ್ತಪ್ಪ" ಅಂತ ಮಾತ್ರ ಹೇಳಿದರು. ಅಪ್‌ಡೇಟ್ ಬಂದಾಗ ಮೂಲೆಯಲ್ಲಿ ಒಂದು ಸಣ್ಣ ಗುರುತು ಬರುತ್ತದೆ, ಒತ್ತಿ ಪಾಸ್‌ವರ್ಡ್ ಕೊಡುತ್ತಾರೆ, ಅಷ್ಟೇ. ಕೆಲಸದ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುವ ಕಾಟ ಇಲ್ಲ.

ಆ ತುದಿಯಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರು, ಕೋಡ್ ಬರೆಯುವವರು. ಅವರಿಗೂ ತೊಂದರೆ ಇಲ್ಲ, ಅವರ ಉಪಕರಣಗಳೆಲ್ಲ ಹುಟ್ಟಿದ್ದೇ ಅಲ್ಲಿ.

ಒದ್ದಾಡುವವರು ಮಧ್ಯದವರು. ವಿಂಡೋಸ್ ಚೆನ್ನಾಗಿ ಕಲಿತು, ಅದರ ಮೇಲೆ ಹೊಟ್ಟೆಪಾಡು ಕಟ್ಟಿಕೊಂಡವರು. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬೇಕೇ ಬೇಕು ಅನ್ನುವವರು ಲಿನಕ್ಸ್‌ಗೆ ಬರಬೇಡಿ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, ಆದರೂ ಅದನ್ನು ಮಾಡಿರುವುದು ವಿಂಡೋಸ್‌ಗೆ. ವೈನ್ ಅನ್ನುವ ಪದರದ ಮೂಲಕ ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸಬಹುದು, ಆದರೆ ವರ್ಷದ ಲೆಕ್ಕವನ್ನು ಅದರ ಮೇಲೆ ಇಡುವುದು ಜಾಣತನ ಅಲ್ಲ. ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಹುಷಾರಾಗಿರಬೇಕು. ಕೆಲವು ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆ, ಆದರೆ ಟೋಕನ್, ಸಹಿ ಹಾಕುವ ತಂತ್ರಾಂಶ, ಬ್ರೌಸರ್, ಪೋರ್ಟಲ್ ನಾಲ್ಕೂ ಒಂದಕ್ಕೊಂದು ಕೂಡಿಬರಬೇಕು. ಕೊನೆ ದಿನಾಂಕದ ರಾತ್ರಿ ಅವು ಕೂಡಿಬರದಿದ್ದರೆ ಅಳುವುದೊಂದೇ ಬಾಕಿ.

ಡಿಟಿಪಿ ಮಾಡುವವರು, ಫ್ಲೆಕ್ಸ್ ಮಾಡುವವರು ಕೋರಲ್‌ಡ್ರಾ, ಪೇಜ್‌ಮೇಕರ್, ಫೋಟೋಶಾಪ್ ಬಿಟ್ಟು ಬರಲು ಆಗುವುದಿಲ್ಲ. ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್ ಅಂತ ಅವುಗಳ ಬದಲಿಗೆ ಲಿನಕ್ಸ್‌ನಲ್ಲಿ ಸಿಗುವವು ಒಳ್ಳೆಯವೇ, ಹೊಸದಾಗಿ ಕಲಿಯುವವರು ಅವುಗಳಿಂದಲೇ ಶುರು ಮಾಡಲಿ ಅಂತ ನನ್ನ ಆಸೆ. ಆದರೆ ಇಪ್ಪತ್ತು ವರ್ಷದ ಕೈಚಳಕ, ಗಿರಾಕಿ ಕಳಿಸುವ ಫೈಲ್, ಪ್ರೆಸ್‌ನವರು ಕೇಳುವ ಫೈಲ್ ಇವೆಲ್ಲ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಬೇಕಾದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದೇ ಮಾತು. ಆಟ ಆಡುವವರ ಮಟ್ಟಿಗೆ ಕಾಲ ಬಹಳ ಬದಲಾಗಿದೆ. 2018ರಲ್ಲಿ ಸ್ಟೀಮ್‌ನವರು ವೈನ್ ಥರದ್ದೇ ಪ್ರೋಟಾನ್ ಅನ್ನುವ ಪದರ ತಂದ ಮೇಲೆ ವಿಂಡೋಸ್‌ಗೆ ಮಾಡಿದ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲಿ ಓಡುತ್ತವೆ. ಆದರೆ ನಿಮ್ಮ ಮಗ ಆಡುವುದು ವ್ಯಾಲರೆಂಟ್ ಆದರೆ ಅದು ಬರುವುದಿಲ್ಲ, ಮೋಸ ತಡೆಯುವ ಅದರ ಕಾವಲು ತಂತ್ರಾಂಶ ಲಿನಕ್ಸನ್ನು ಒಪ್ಪುವುದಿಲ್ಲ. ಆನ್‌ಲೈನ್ ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಯಾವ ತಂತ್ರಾಂಶ ಹಾಕಿಕೊಳ್ಳಬೇಕು ಅಂತ ಮೊದಲು ಕೇಳಿ. ಸೇಫ್ ಎಕ್ಸಾಮ್ ಬ್ರೌಸರ್‌ನಂಥವು ಲಿನಕ್ಸ್‌ಗೆ ಇಲ್ಲ.

ಬರೀ ಪತ್ರ, ಬಯೋಡೇಟಾ, ಸಣ್ಣಪುಟ್ಟ ಲೆಕ್ಕ ಮಾಡುವವರಿಗೆ ಮೈಕ್ರೋಸಾಫ್ಟ್ ಆಫೀಸ್ ಥರದ್ದೇ ಆದ ಲಿಬ್ರೆಆಫೀಸ್ ಸಾಕು. ವರ್ಡ್‌ನಲ್ಲಿ ಮಾಡಿದ ಫೈಲ್ ತೆರೆದಾಗ ಸಾಲುಗಳು ಅತ್ತಿತ್ತ ಸರಿಯುವುದಕ್ಕೆ ಎಷ್ಟೋ ಸಲ ಕಾರಣ ಫಾಂಟ್. ಕ್ಯಾಲಿಬ್ರಿ ಫಾಂಟ್ ನಿಮ್ಮ ಯಂತ್ರದಲ್ಲಿ ಇರುವುದಿಲ್ಲ, ಅದೇ ಅಳತೆಯ ಕಾರ್ಲಿಟೊ ಹಾಕಿಕೊಂಡರೆ ಪುಟ ಸರಿಯಾಗಿ ಕೂರುತ್ತದೆ. ಮ್ಯಾಕ್ರೋ ತುಂಬಿದ ದೊಡ್ಡ ಎಕ್ಸೆಲ್ ಹಾಳೆಗಳ ವಿಷಯದಲ್ಲಿ ಮಾತ್ರ ಭರವಸೆ ಕೊಡಲಾರೆ.

ಕನ್ನಡ ಹೇಗೆ?

ಇದು ನಮಗೆ ಮುಖ್ಯ, ಇದರಲ್ಲಿ ಖುಷಿ ಪಡುವ ವಿಷಯ ಜಾಸ್ತಿ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ನಾವು ಬಳಸುವ ಅದೇ ಕಗಪ ವಿನ್ಯಾಸ, ಲಿನಕ್ಸ್‌ನಲ್ಲಿ ಮೊದಲೇ ಕೂತಿದೆ. ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಲೇಔಟ್ ಸೇರಿಸಿ ಅಂತ ಒತ್ತಿ, ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಗಪ ಫೊನೆಟಿಕ್ ಅಂತ ಇರುವುದನ್ನು ಆರಿಸಿ. ಮುಗಿಯಿತು. ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಒತ್ತಿದರೆ ಪರದೆ ಮೇಲೆ ಕನ್ನಡ ಅಂತ ಬರುತ್ತದೆ. ಎಫ್ ಇಲ್ಲಿ ಅರ್ಧಾಕ್ಷರ ಮಾಡುವ ಕೀಲಿ, ನುಡಿ ಕಲಿತ ಬೆರಳಿಗೆ ಅದು ತಾನಾಗಿ ಹೋಗುತ್ತದೆ. ಉಬುಂಟುವಿನಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಹಾರಲು ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರಾಯಿತು. ಬರಹ ತಂತ್ರಾಂಶದ ಹಾಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಅಭ್ಯಾಸ ಇದ್ದವರು ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಕಟ್ಟನ್ನು ಹಾಕಿಕೊಂಡು ಐಟ್ರಾನ್ಸ್ ಅನ್ನುವ ವಿಧಾನ ಆರಿಸಬೇಕು, ಬರಹಕ್ಕೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದೆ, ಸ್ವಲ್ಪ ದಿನದಲ್ಲಿ ಒಗ್ಗುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕೂಡ ಇದೆ.

ಫಾಂಟ್‌ಗಳಿಗೂ ಬರ ಇಲ್ಲ. ಲೋಹಿತ್, ನೋಟೋ ಜೊತೆಗೆ ಕನ್ನಡಿಗರೇ ಮಾಡಿದ ಗುಬ್ಬಿ, ನವಿಲು ಫಾಂಟ್‌ಗಳು ಉಬುಂಟು, ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ. ಒತ್ತಕ್ಷರ ಸರಿಯಾಗಿ ಕೂರುತ್ತದಾ ಅನ್ನುವ ಹಳೇ ಭಯ ಈಗ ಬೇಡ. ಅಕ್ಷರ ಜೋಡಿಸುವ ಕೆಲಸ ಮಾಡುವ ಹಾರ್ಫ್‌ಬಜ್ ಅನ್ನುವ ಮುಕ್ತ ತಂತ್ರಾಂಶವೇ ಆ್ಯಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಇದೆ. ನಿಮ್ಮ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದ್ದರೆ ಇಲ್ಲೂ ಸರಿಯಾಗಿಯೇ ಕಾಣುತ್ತದೆ. ಮೆನುಗಳ ಕನ್ನಡ ಅನುವಾದ ಮಾತ್ರ ಎಲ್ಲ ಕಡೆ ಪೂರ್ತಿಯಾಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬರುತ್ತದೆ. ಅನುವಾದ ಮಾಡುವವರು ಸ್ವಯಂಸೇವಕರು. ಇನ್ನಷ್ಟು ಕನ್ನಡಿಗರು ಕೈಹಾಕಿದರೆ ಆ ಅರ್ಧವೂ ತುಂಬುತ್ತದೆ, ಇದಕ್ಕೆ ಕೋಡ್ ಬರೆಯಲು ಬರಬೇಕಿಲ್ಲ, ಒಳ್ಳೆಯ ಕನ್ನಡ ಬಂದರೆ ಸಾಕು.

ಹಳೇ ನುಡಿ ಫೈಲ್‌ಗಳದ್ದು ಬೇರೆ ಸಮಸ್ಯೆ. ಈಗ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಇದೆ. ಯೂನಿಕೋಡ್‌ಗೆ ಮುಂಚಿನ ನುಡಿ ಫೈಲನ್ನು ತೆರೆದರೆ ಕನ್ನಡ ಅನ್ನುವ ಪದದ ಜಾಗದಲ್ಲಿ ಪೌಂಡ್ ಹಣದ ಗುರುತು, ತಲೆಮೇಲೆ ಗೀಟು ಎಳೆದ ಇಂಗ್ಲಿಷ್ ಎ ಅಕ್ಷರ ಇಂಥವೆಲ್ಲ ಕಾಣುತ್ತವೆ. ಇದು ಲಿನಕ್ಸ್ ದೋಷ ಅಲ್ಲ. ಆ ಫೈಲ್‌ನಲ್ಲಿ ಇರುವುದು ಇಂಗ್ಲಿಷ್ ಚಿಹ್ನೆಗಳೇ, ನುಡಿ ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತಿತ್ತು. ಫಾಂಟ್ ಇಲ್ಲದ ಯಾವ ಕಂಪ್ಯೂಟರ್‌ನಲ್ಲೂ ಹೀಗೇ ಆಗುತ್ತದೆ. ಆ ಫಾಂಟನ್ನು ಲಿನಕ್ಸ್‌ಗೂ ಹಾಕಿಕೊಳ್ಳಬಹುದು, ಅದಕ್ಕಿಂತ ಒಳ್ಳೆಯದು ಫೈಲ್‌ಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು. ಯಾವ ವ್ಯವಸ್ಥೆಯಲ್ಲಿ ಇದ್ದರೂ ಇದನ್ನು ಒಂದು ದಿನ ಮಾಡಲೇಬೇಕು.

ಜೊತೆಗೆ ಯಾರಿದ್ದಾರೆ?

ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿನ ಕೈಟ್ ಅನ್ನುವ ಸಂಸ್ಥೆ ಉಬುಂಟು ಮೇಲೆ ತನ್ನದೇ ವ್ಯವಸ್ಥೆ ಕಟ್ಟಿದೆ, ಶಿಕ್ಷಕರಿಗೆ ತರಬೇತಿ ಕೊಟ್ಟಿದೆ, ಪಠ್ಯವನ್ನು ಅದಕ್ಕೆ ಹೊಂದಿಸಿದೆ. ಜರ್ಮನಿಯ ಮ್ಯೂನಿಕ್ ನಗರಪಾಲಿಕೆ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, ಹದಿನೈದು ಸಾವಿರದಷ್ಟು ಕಂಪ್ಯೂಟರ್ ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಅಲ್ಲಿ ರಾಜಕೀಯವೂ ಇತ್ತು, ಬೇರೆ ಇಲಾಖೆಗಳ ಜೊತೆ ಫೈಲ್ ಹೊಂದದ ಕಿರಿಕಿರಿಯೂ ಇತ್ತು. ಇವೆರಡನ್ನು ಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಕೆಟ್ಟಾಗ ಪಕ್ಕದಲ್ಲಿ ಗೊತ್ತಿರುವವರು ಇದ್ದಾರಾ, ಸುತ್ತಲಿನವರು ಅದನ್ನೇ ಬಳಸುತ್ತಾರಾ ಅನ್ನುವುದು ತಂತ್ರಾಂಶದಷ್ಟೇ ಮುಖ್ಯ. ವಿಂಡೋಸ್ ಸುಲಭ ಅಂತ ನಮಗೆ ಅನಿಸುವುದಕ್ಕೂ ಇದೇ ಕಾರಣ ಅಲ್ವಾ? ಕೆಟ್ಟರೆ ಪ್ರತಿ ಬೀದಿಯಲ್ಲೂ ಸರಿಮಾಡುವ ಅಂಗಡಿ ಇದೆ. ಲಿನಕ್ಸ್‌ಗೆ ಆ ಬೀದಿಯ ಅಂಗಡಿ ಇಲ್ಲ. ಬೆಂಗಳೂರಿನಲ್ಲಿ ಎಫ್‌ಎಸ್‌ಎಂಕೆ, ಫಾಸ್ ಯುನೈಟೆಡ್‌ನಂಥ ಗುಂಪುಗಳಿವೆ, ಅಲ್ಲಿ ಕೇಳಿದರೆ ಸಹಾಯ ಮಾಡುತ್ತಾರೆ. ಸಣ್ಣ ಊರಲ್ಲಿ ಇದ್ದರೆ ಪರಿಚಯದ ಇಂಜಿನಿಯರಿಂಗ್ ಹುಡುಗ ಹುಡುಗಿಯರನ್ನು ಮೊದಲೇ ಹಿಡಿದುಕೊಳ್ಳಿ.

ಹಾಕಿ ನೋಡುವುದು ಹೇಗೆ

ಮೊದಲು ಲಿನಕ್ಸ್ ಹಾಕಬೇಡಿ. ಈಗಿರುವ ವಿಂಡೋಸ್‌ನಲ್ಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಗಿಂಪ್ ಹಾಕಿಕೊಂಡು ಒಂದೆರಡು ತಿಂಗಳು ಅವುಗಳಲ್ಲೇ ಕೆಲಸ ಮಾಡಿ. ಇವೆಲ್ಲ ವಿಂಡೋಸ್‌ಗೂ ಇವೆ. ಇಲ್ಲಿ ಕೈ ಕೂತರೆ ಆಮೇಲೆ ಬದಲಾಗುವುದು ಬರೀ ಕೆಳಗಿನ ನೆಲ ಮಾತ್ರ. ಇಲ್ಲೇ ಒದ್ದಾಟವಾದರೆ ಯಾವ ತಂತ್ರಾಂಶ ಬಿಡಲು ಆಗುತ್ತಿಲ್ಲ ಅನ್ನುವುದು ನಷ್ಟವಿಲ್ಲದೆ ಗೊತ್ತಾಗುತ್ತದೆ.

ಆಮೇಲೆ 8 ಜಿಬಿ ಪೆನ್‌ಡ್ರೈವ್ ಒಂದು ತಗೊಳ್ಳಿ. ಮಿಂಟ್‌ನವರ ಜಾಲತಾಣದಿಂದ ಇಡೀ ಮಿಂಟ್ ಇರುವ ಐಎಸ್ಒ ಫೈಲ್ ಇಳಿಸಿಕೊಂಡು ರೂಫಸ್ ಅಥವಾ ಎಚರ್ ಅನ್ನುವ ತಂತ್ರಾಂಶದಿಂದ ಪೆನ್‌ಡ್ರೈವ್ ಮೇಲೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಫೋಟೋ ಗೀಟೋ ಇದ್ದರೆ ಮೊದಲೇ ತೆಗೆದಿಡಿ. ಕಂಪ್ಯೂಟರ್ ಶುರುವಾಗುವಾಗ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಎಲ್ಲಿಂದ ಶುರುಮಾಡಲಿ ಅಂತ ಕೇಳುತ್ತದೆ. ಪೆನ್‌ಡ್ರೈವ್ ಆರಿಸಿ. ನಿಮ್ಮ ವಿಂಡೋಸ್ ಮುಟ್ಟದೆ, ಡಿಸ್ಕ್ ಮೇಲೆ ಏನೂ ಬರೆಯದೆ, ಪೂರ್ತಿ ಮಿಂಟ್ ಎದುರಿಗೆ ಬಂದು ನಿಲ್ಲುತ್ತದೆ. ಇದನ್ನು ಲೈವ್ ಅನ್ನುತ್ತಾರೆ. ಇಲ್ಲೇ ಎಲ್ಲ ಪರೀಕ್ಷೆ ಮಾಡಿಬಿಡಿ. ವೈಫೈ ಹತ್ತುತ್ತಾ, ಸ್ಪೀಕರ್‌ನಲ್ಲಿ ಸದ್ದು ಬರುತ್ತಾ, ಕ್ಯಾಮೆರಾ, ಬ್ಲೂಟೂತ್ ಸರಿಯಿದೆಯಾ, ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆಗೆದರೆ ಎದ್ದೇಳುತ್ತಾ, ಮತ್ತೆ ಆ ಪ್ರಿಂಟರ್‌ನಿಂದ ಒಂದು ಹಾಳೆ ಬರುತ್ತಾ. ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ ಇರುತ್ತದೆ, ಆ ವೇಗ ನೋಡಿ ತೀರ್ಪು ಕೊಡಬೇಡಿ.

ಎಲ್ಲ ಸರಿಯಿದ್ದರೆ ಮಾತ್ರ ಮುಂದೆ. ನಿಮ್ಮ ಫೈಲ್‌ಗಳ ನಕಲನ್ನು ಹೊರಗಿನ ಡಿಸ್ಕ್‌ಗೆ ಹಾಕಿಡಿ, ಇದರಲ್ಲಿ ಸೋಮಾರಿತನ ಬೇಡ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದೆಯಾ ನೋಡಿ, ಇಷ್ಟಪಟ್ಟು ಆನ್ ಮಾಡಿಲ್ಲದಿದ್ದರೂ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಮೊದಲಿನಿಂದಲೇ ಆನ್ ಇರುತ್ತದೆ. ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಡಿಸ್ಕ್‌ನ ಭಾಗಗಳನ್ನು ಅಲ್ಲಾಡಿಸಿದರೆ ನಿಮ್ಮ ಫೈಲ್‌ಗೆ ನಿಮಗೇ ಬಾಗಿಲು ಮುಚ್ಚಬಹುದು. ಜಾಗ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ, ಶುರುವಾಗುವಾಗ ಯಾವುದು ಬೇಕು ಅಂತ ಕೇಳುತ್ತದೆ. ಟ್ಯಾಲಿಗೆ, ಸಹಿಗೆ ವಿಂಡೋಸ್ ಇರಲಿ, ಅಪ್‌ಡೇಟ್ ನಿಂತ ವಿಂಡೋಸ್ 10 ಆದರೆ ಅದರಲ್ಲಿ ಬ್ಯಾಂಕ್ ಕೆಲಸ, ಸುಮ್ನೆ ಇಂಟರ್ನೆಟ್ ಅಡ್ಡಾಟ ಮಾತ್ರ ಬೇಡ.

ಹಾಕಿದ ಮೇಲೆ ಮೊದಲ ಕೆಲಸ ಟೈಮ್‌ಶಿಫ್ಟ್ ತೆರೆದು ಆನ್ ಮಾಡುವುದು. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ಉಳಿಸಿಡುತ್ತದೆ, ಅಪ್‌ಡೇಟ್ ಆದ ಮೇಲೆ ಏನಾದರೂ ಎಡವಟ್ಟಾದರೆ ಹಿಂದಿನ ದಿನಕ್ಕೆ ಮರಳಬಹುದು. ಹೊಸ ತಂತ್ರಾಂಶ ಬೇಕಾದಾಗ ಗೂಗಲ್‌ನಲ್ಲಿ ಹುಡುಕಿ ಸಿಕ್ಕಸಿಕ್ಕಲ್ಲಿ ಇಳಿಸಬೇಡಿ, ಮೆನುವಿನಲ್ಲಿರುವ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ. ಎಲ್ಲಾದರೂ ಸಿಕ್ಕಿಹಾಕಿಕೊಂಡು ಯಾರನ್ನಾದರೂ ಕೇಳುವಾಗ "ನನ್ನ ಲಿನಕ್ಸ್ ಕೆಲಸ ಮಾಡ್ತಿಲ್ಲ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್ ಮಾಡೆಲ್, ಡಿಸ್ಟ್ರೋ ಹೆಸರು ಮತ್ತು ಆವೃತ್ತಿ, ಏನು ಮಾಡಲು ಹೋದಾಗ ಹೀಗಾಯಿತು, ಪರದೆ ಮೇಲೆ ಬಂದ ಸಂದೇಶದ ಫೋಟೋ ಇಷ್ಟನ್ನು ಕೊಡಿ. ಪ್ರಿಂಟರ್ ವಿಷಯ ಆಗಿದ್ದರೆ ಅದರ ಪೂರ್ತಿ ಮಾಡೆಲ್ ನಂಬರ್ ಕೂಡ.